ಕುದುರೆಗಳೆಲ್ಲ ಎಲ್ಲಿ ಹೋದವು? ದೇಶ ದೇಶಗಳ ಕುದುರೆ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಿಲಿಯಲ್ಲಿ. ಕೆಲವು ವರ್ಷಗಳ ಹಿಂದೆ ಮಾಟುಂಗಾದಲ್ಲಿ ಕನ್ನಡದ ಗೆಳೆಯರೆಲ್ಲ ಸೇರಿದ್ದೆವು. ದಕ್ಷಿಣ ಮುಂಬಯಿಯ ಕಾಲಾಘೋಡಾಕ್ಕೆ ಆ ಹೆಸರು, ಅಂದರೆ ಕಪ್ಪು ಕುದುರೆ ಅಂತ, ಯಾಕೆ ಬಂತು ಎಂದು ಒಬ್ಬರು ಕೇಳಿದರು. ಅದು ಸುಲಭದ ಪ್ರಶ್ನೆ. ಏಳನೇ ಎಡ್ವರ್ಡ್ ಕಪ್ಪು ಕುದುರೆಯ ಮೇಲೆ ಕೂತಿದ್ದ ಪ್ರತಿಮೆ ಅಲ್ಲಿತ್ತು. 1965ರಲ್ಲಿ ಅದನ್ನು ಬೈಕುಲ್ಲಾದ ರಾಣಿ ಬಾಗ್‌ಗೆ ಸಾಗಿಸಿದರು. 2017ರಲ್ಲಿ ಸವಾರನಿಲ್ಲದ ಇನ್ನೊಂದು ಕುದುರೆ ಬಂದು ಅಲ್ಲಿ ನಿಂತಿತು. "ಅದು ಸರಿ, ನಿಜವಾದ ಕುದುರೆಗಳೆಲ್ಲ ಎಲ್ಲಿ ಹೋದವು?" ಅಂತ ಪಕ್ಕದಲ್ಲಿ ಕೂತಿದ್ದ ಹಿರಿಯರು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ, ಇನ್ನೂ ಮುಗಿದಿಲ್ಲ. ಈಗ ನನ್ನನ್ನು ಕಂಡರೆ ಸಾಕು, ಯಾರಾದರೊಬ್ಬರು ಕುದುರೆಯ ಪ್ರಶ್ನೆ ತೆಗೆಯುತ್ತಾರೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಜಗತ್ತಿನಲ್ಲಿ ಈಗ ಎಷ್ಟು ಕುದುರೆಗಳಿವೆ?

ಸುಮಾರು 6 ಕೋಟಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1961ರಿಂದ ವರ್ಷ ವರ್ಷದ ಲೆಕ್ಕ ಇಟ್ಟಿದೆ. ಆ ಮೊದಲ ವರ್ಷ ಇದ್ದದ್ದು ಸುಮಾರು 6.2 ಕೋಟಿ. ಅರವತ್ತು ವರ್ಷದಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ, ಅಲ್ವಾ? ನಾನೂ ಮೊದಲ ಸಲ ಹಾಗೇ ಅಂದುಕೊಂಡು ಸುಮ್ಮನಾಗಿದ್ದೆ.

ಆದರೆ ಒಟ್ಟು ಮೊತ್ತವನ್ನು ನಂಬಿ ಕೂತರೆ ಕೆಟ್ಟೆವು. ಪೋಲೆಂಡಿನಲ್ಲಿ 1961ರಲ್ಲಿ ಸುಮಾರು 27 ಲಕ್ಷ ಕುದುರೆಗಳಿದ್ದವು. ಇವತ್ತು 3 ಲಕ್ಷವೂ ಇಲ್ಲ. ಮಂಗೋಲಿಯಾದಲ್ಲಿ ಅದೇ ಕಾಲದಲ್ಲಿ ಏರಿವೆ. ಒಂದು ಕಡೆ ಖಾಲಿಯಾದ ಲಾಯವನ್ನು ಇನ್ನೊಂದು ಕಡೆಯ ಹಿಂಡು ತುಂಬಿಸಿದೆ, ಅಷ್ಟೆ. ಇನ್ನೂ ಒಂದು ಮಾತಿದೆ. 1961ರಲ್ಲಿ ಭೂಮಿಯ ಮೇಲೆ ಸುಮಾರು 300 ಕೋಟಿ ಜನ ಇದ್ದರು, ಈಗ 800 ಕೋಟಿ ದಾಟಿದ್ದಾರೆ. ಆಗ ಸಾವಿರ ಜನಕ್ಕೆ 20 ಕುದುರೆ, ಈಗ ಏಳು ಚಿಲ್ಲರೆ.

ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನೋದಕ್ಕೆ ಏನಾದರೂ ಲೆಕ್ಕಾಚಾರ ಉಂಟಾ?

ನಾನು ಕಂಡುಕೊಂಡದ್ದು ಒಂದೇ. ಆ ಊರಿನಲ್ಲಿ ಕುದುರೆಗೆ ಏನು ಕೆಲಸ ಅಂತ ಕೇಳಿ. ಗಾಡಿ, ನೇಗಿಲು ಎಳೆಯುವುದಾದರೆ ಎಂಜಿನ್ ಬಂದ ದಿನವೇ ಅದರ ಕೆಲಸ ಹೋಯಿತು. ಹಾಲು, ಮಾಂಸ ಕೊಡುವುದಾದರೆ ಯಾವ ಟ್ರ್ಯಾಕ್ಟರಿಗೂ ಆ ಕೆಲಸ ಬರೋದಿಲ್ಲ, ಕುದುರೆ ಉಳಿಯುತ್ತದೆ. ಶೋಕಿಗೆ ಸಾಕುವುದಾದರೆ ಯಜಮಾನನ ಜೇಬು ನೋಡಿ.

ಪ್ರೀತಿ ಇದ್ದಲ್ಲಿ ಕುದುರೆ ಉಳಿಯುತ್ತದೆ ಅನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಇಂಗ್ಲಿಷರ ಕುದುರೆ ಹುಚ್ಚು ಎಲ್ಲರಿಗೂ ಗೊತ್ತು. ಅವರ ದೇಶದಲ್ಲೇ 1900ರ ಹೊತ್ತಿಗೆ 30 ಲಕ್ಷಕ್ಕಿಂತ ಜಾಸ್ತಿ ಇದ್ದವು, ಈಗ 10 ಲಕ್ಷದ ಒಳಗಿವೆ.

ಅತಿ ಹೆಚ್ಚು ಕುದುರೆ ಇರೋದು ಅರಬ್ ದೇಶಗಳಲ್ಲಿ ಅಲ್ವಾ?

ಅಲ್ಲ. ಅರಬ್ಬಿ ಕುದುರೆಯ ಹೆಸರು ದೊಡ್ಡದು, ಸಂಖ್ಯೆ ಚಿಕ್ಕದು. ಲೋಕದ ಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ. ಅಮೆರಿಕ, ಮೆಕ್ಸಿಕೊ, ಬ್ರೆಜಿಲ್ ಈ ಮೂರೂ ಮುಂದಿನ ಸಾಲಿನಲ್ಲಿವೆ. ಮೆಕ್ಸಿಕೊ, ಬ್ರೆಜಿಲ್‌ಗಳಲ್ಲಿ ದನದ ಹಿಂಡು ದೊಡ್ಡದು, ಅದನ್ನು ಅಟ್ಟಲು ಇವತ್ತಿಗೂ ಕುದುರೆಯೇ ಬೇಕು.

ತಮಾಷೆ ಏನೆಂದರೆ, 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋದಾಗ ಹಡಗಿನಲ್ಲಿ ಒಯ್ಯುವವರೆಗೂ ಆ ಖಂಡಗಳಲ್ಲಿ ಕುದುರೆಯೇ ಇರಲಿಲ್ಲ. ಬಹಳ ಹಿಂದೆ ಇದ್ದವು. ಕುದುರೆಯ ವಂಶ ಬೆಳೆದದ್ದೇ ಅಲ್ಲಿ. ಆದರೆ ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋಗಿದ್ದವು. 1519ರಲ್ಲಿ ಸ್ಪೇನಿನ ದಂಡನಾಯಕ ಕೋರ್ಟೆಸ್ ಮೆಕ್ಸಿಕೊಗೆ ಇಳಿದಾಗ ಅವನ ಜೊತೆ ಇದ್ದದ್ದು 16 ಕುದುರೆ. ಈಗ ಅಲ್ಲಿ 60 ಲಕ್ಷದ ಮೇಲಿವೆ.

ಅಮೆರಿಕದಲ್ಲಿ ಕಾರು ಬಂದ ಮೇಲೆ ಕುದುರೆಗಳು ಹೋದವು ಅಂತಾರೆ. ನಿಜವಾ?

ಅರ್ಧ ನಿಜ. ಪಟ್ಟಣದ ಕುದುರೆಯನ್ನು ಓಡಿಸಿದ್ದು ಮೊದಲು ವಿದ್ಯುತ್ ಟ್ರಾಮು, ಆಮೇಲೆ ಕಾರು, ಲಾರಿ. ಆದರೆ ಜಾಸ್ತಿ ಕುದುರೆಗಳಿದ್ದದ್ದು ಹೊಲದಲ್ಲಿ. ಅಲ್ಲಿಂದ ಅವನ್ನು ತೆಗೆದದ್ದು ಟ್ರ್ಯಾಕ್ಟರು.

1915ರ ಸುಮಾರಿಗೆ ಅಮೆರಿಕದಲ್ಲಿ 2.1 ಕೋಟಿ ಕುದುರೆಗಳಿದ್ದವು. ಹೇಸರಗತ್ತೆಗಳು ಬೇರೆ. ಇವುಗಳ ಹೊಟ್ಟೆಗೇ ದೇಶದ ಬೆಳೆ ಭೂಮಿಯ ಕಾಲು ಭಾಗ ಹೋಗುತ್ತಿತ್ತು. ನಾಲ್ಕು ಎಕರೆ ಉತ್ತರೆ ಒಂದೆಕರೆ ಉತ್ತವರಿಗೇ! ಟ್ರ್ಯಾಕ್ಟರ್ ಬಂದಾಗ ರೈತನಿಗೆ ವೇಗ ಸಿಕ್ಕಿತು, ಅದರ ಜೊತೆ ಆ ಎಕರೆಯೂ ಮಾರಾಟದ ಬೆಳೆಗೆ ಸಿಕ್ಕಿತು. ಕುದುರೆಗೆ ಎದ್ದು ನಿಲ್ಲಲಾಗದ ಪೆಟ್ಟು ಬಿದ್ದದ್ದು ಇಲ್ಲಿ ಅಂತ ನನ್ನ ಎಣಿಕೆ. 1950ರ ದಶಕದ ಮಧ್ಯದಲ್ಲಿ ಅಲ್ಲಿನ ಹೊಲಗಳಲ್ಲಿ ಟ್ರ್ಯಾಕ್ಟರುಗಳ ಸಂಖ್ಯೆ ಕುದುರೆ, ಹೇಸರಗತ್ತೆ ಎರಡೂ ಸೇರಿದ್ದಕ್ಕಿಂತ ಮೇಲೆ ಹೋಯಿತು. 1960ಕ್ಕೆ ಉಳಿದದ್ದು 30 ಲಕ್ಷ. ಇನ್ನೇನು ಎಣಿಸೋದು ಅಂತ ಅಲ್ಲಿನ ಕೃಷಿ ಇಲಾಖೆ ಎಣಿಸುವುದನ್ನೇ ಬಿಟ್ಟುಬಿಟ್ಟಿತು.

ಬಿಟ್ಟ ಮೇಲೆ ಸಂಖ್ಯೆ ಏರಿತು! ಜನರ ಕೈಯಲ್ಲಿ ದುಡ್ಡು ಓಡಾಡಿತು, ಮಕ್ಕಳಿಗೆ ಸವಾರಿ ಕಲಿಸುವುದು, ಭಾನುವಾರದ ಸವಾರಿ, ರೋಡಿಯೊ, ರೇಸು ಬಂದವು. ಅಮೆರಿಕನ್ ಹಾರ್ಸ್ ಕೌನ್ಸಿಲ್ ಲೆಕ್ಕದಲ್ಲಿ 2005ರಲ್ಲಿ 92 ಲಕ್ಷ ಕುದುರೆಗಳಿದ್ದವು. ಅಲ್ಲಿಂದ ಮತ್ತೆ ಇಳಿತ. 2017ರಲ್ಲಿ 72 ಲಕ್ಷ, 2023ರಲ್ಲಿ 66.5 ಲಕ್ಷ. ಶೋಕಿಯ ಕುದುರೆಗೆ ಕಷ್ಟಕಾಲ ಬೇಗ ಬರುತ್ತದೆ. 2008ರಲ್ಲಿ ಆರ್ಥಿಕತೆ ಕುಸಿದಾಗ ಮೊದಲು ಭಾರವಾದದ್ದರಲ್ಲಿ ಅದೂ ಒಂದು.

ಲಂಡನ್ ಕುದುರೆ ಲದ್ದಿಯಲ್ಲಿ ಮುಳುಗಿಹೋಗುತ್ತೆ ಅಂತ 1894ರಲ್ಲಿ ಪೇಪರಿನಲ್ಲಿ ಬಂದಿತ್ತಂತೆ?

ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ನನಗೆ ಬರುವ ಕತೆ ಇದು. 50 ವರ್ಷದಲ್ಲಿ ಬೀದಿಗಳಲ್ಲಿ ಒಂಬತ್ತು ಅಡಿ ಲದ್ದಿ ನಿಲ್ಲುತ್ತದೆ ಅಂತ ಟೈಮ್ಸ್ ಪತ್ರಿಕೆ ಬರೆದಿತ್ತಂತೆ. ಹುಡುಕಿದವರಿಗೆ ಅಂಥ ಬರಹ ಸಿಕ್ಕಿಲ್ಲ. ಲದ್ದಿ ಮಾತ್ರ ಸುಳ್ಳಲ್ಲ. ದೊಡ್ಡ ಪಟ್ಟಣಗಳಲ್ಲಿ ಲಕ್ಷಗಟ್ಟಲೆ ಕುದುರೆಗಳಿದ್ದವು. ಒಂದೊಂದು ದಿನಕ್ಕೆ ಹತ್ತು ಕಿಲೊದ ಮೇಲೆ ಲದ್ದಿ ಹಾಕುತ್ತದೆ. ಗುಣಿಸಿ ನೋಡಿ.

ನಮ್ಮ ಮುಂಬಯಿಯಲ್ಲಿ ಏನಾಯಿತು?

ಇಲ್ಲೂ ಅದೇ ಕತೆ, ಇನ್ನೂ ಚಿಕ್ಕ ಜಾಗದಲ್ಲಿ. 1874ರ ಮೇ 9ರಂದು ಕೊಲಾಬಾದಿಂದ ಪಾಯಧುನಿಗೆ ಕುದುರೆ ಟ್ರಾಮು ಶುರುವಾಯಿತು. ಆ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವಂತೆ. ಅಷ್ಟು ಯಾಕೆ? ಹಳಿಯ ಮೇಲೆ ಜನರನ್ನು ಎಳೆಯುವ ಕುದುರೆ ದಿನಕ್ಕೆ ಕೆಲವೇ ಗಂಟೆ ದುಡಿಯಬಲ್ಲದು, ಅದರಲ್ಲೂ ಈ ಸೆಕೆಯಲ್ಲಿ. ಹಾಗಾಗಿ ಒಂದು ಟ್ರಾಮಿನ ಹಿಂದೆ ಹಲವು ಕುದುರೆಗಳ ಪಾಳಿ. 1907ರ ಮೇ 7ರಂದು ವಿದ್ಯುತ್ ಟ್ರಾಮು ಓಡಿತು. ಆ ಪಾಳಿ ಮುಗಿಯಿತು.

ವಿಕ್ಟೋರಿಯಾ ಎನ್ನುವ ಕುದುರೆ ಗಾಡಿಗಳು ಉಳಿದವು, ಮೊದಲು ಬಾಡಿಗೆಗೆ, ಕೊನೆಕೊನೆಗೆ ಮರೀನ್ ಡ್ರೈವ್‌ನಲ್ಲಿ ಒಂದು ಸುತ್ತಿಗೆ. ನಾನು ಮೊದಲು ಮುಂಬಯಿಗೆ ಬಂದಾಗ ನಮ್ಮ ಚಿಕ್ಕಪ್ಪ ಕೂರಿಸಿದ್ದು ಅದರಲ್ಲೇ. ಬೆಳ್ಳಿ ಬಣ್ಣದ ಗಾಡಿ, ಪಕ್ಕೆಲುಬು ಕಾಣುವ ಕುದುರೆ. 2015ರಲ್ಲಿ ಬಾಂಬೆ ಹೈಕೋರ್ಟ್ ಈ ಗಾಡಿಗಳು ಕಾನೂನಿಗೆ ವಿರುದ್ಧ ಎಂದು ಹೇಳಿ ನಿಲ್ಲಿಸಲು ಒಂದು ವರ್ಷ ಕೊಟ್ಟಿತು. 2021ರಲ್ಲಿ ಅದೇ ರೂಪದ ಬ್ಯಾಟರಿ ಗಾಡಿಗಳು ಬಂದವು.

ಈಗ ಕುದುರೆ ನೋಡಬೇಕಾದರೆ ಮಹಾಲಕ್ಷ್ಮಿ ರೇಸ್‌ಕೋರ್ಸು, ಇಲ್ಲವೇ ಮದುವೆ ಮೆರವಣಿಗೆ. ಇಲ್ಲಾಂದ್ರೆ ಗುಡ್ಡದ ಮೇಲಿನ ಊರು ಮಾಥೇರಾನ್. ಅಲ್ಲಿ ಮೋಟಾರು ವಾಹನಕ್ಕೆ ನಿಷೇಧ ಇದ್ದದ್ದರಿಂದ ಕುದುರೆಯ ಕೆಲಸ ಉಳಿಯಿತು, ಕೆಲಸ ಉಳಿದದ್ದರಿಂದ ನೂರಾರು ಕುದುರೆ ಉಳಿದವು. ಅಲ್ಲಿ ಇ-ರಿಕ್ಷಾ ಬಿಡುವ ಮಾತು ಬಂದಾಗ ಕುದುರೆಯವರು ಯಾಕೆ ಬೇಡ ಅಂದರು ಅಂತ ಬೇರೆ ಹೇಳಬೇಕಾ?

ಯುರೋಪಿನ ಕುದುರೆಗಳು ಯುದ್ಧದಲ್ಲಿ ಸತ್ತು ಕಡಿಮೆಯಾದವಾ?

ಮೊದಲ ಮಹಾಯುದ್ಧದಲ್ಲಿ ಸುಮಾರು 80 ಲಕ್ಷ ಕುದುರೆಗಳು ಸತ್ತವು ಅಂತ ಲೆಕ್ಕ. ಭಯಂಕರ ಸಂಖ್ಯೆಯೇ. ಆದರೂ ಯುದ್ಧದ ನಷ್ಟವನ್ನು ಹಿಂಡು ಕೆಲವು ವರ್ಷದಲ್ಲಿ ತುಂಬಿಕೊಳ್ಳುತ್ತದೆ, ಬೇಡಿಕೆ ಇದ್ದರೆ. ಎರಡನೇ ಯುದ್ಧದಲ್ಲೂ ಜರ್ಮನ್ ಸೈನ್ಯ ಲಕ್ಷಾಂತರ ಕುದುರೆಗಳನ್ನು ಎಳೆದುಕೊಂಡು ಹೋಗಿತ್ತು. ಟ್ಯಾಂಕುಗಳ ಚಿತ್ರ ನೋಡಿ ನೋಡಿ ನಮಗೆ ಅದು ಮರೆತುಹೋಗಿದೆ. ನಿಜವಾದ ಇಳಿತ ಬಂದದ್ದು 1950ರ ನಂತರ, ಶಾಂತಿಯ ಕಾಲದಲ್ಲಿ, ಟ್ರ್ಯಾಕ್ಟರಿನಿಂದ.

ಸೋವಿಯತ್ ದೇಶದ ಕತೆ ಮಾತ್ರ ಬೇರೆ. 1929ರಲ್ಲಿ ಅಲ್ಲಿ 3.4 ಕೋಟಿ ಕುದುರೆಗಳಿದ್ದವು, 1933ಕ್ಕೆ 1.66 ಕೋಟಿ. ನಾಲ್ಕೇ ವರ್ಷದಲ್ಲಿ ಅರ್ಧ! ಯುದ್ಧ ಇರಲಿಲ್ಲ, ರೋಗವೂ ಅಲ್ಲ. ರೈತರ ಹೊಲ, ಜಾನುವಾರುಗಳನ್ನೆಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿಸಲು ಸರ್ಕಾರ ಹೊರಟಿತು. ಹೇಗೂ ಕಿತ್ತುಕೊಳ್ಳುತ್ತಾರಲ್ಲ ಅಂತ ರೈತರು ಕಡಿದು ತಿಂದರು, ಸಿಕ್ಕ ಬೆಲೆಗೆ ಮಾರಿದರು. ಕೂಡಿಹಾಕಿದ ಕುದುರೆಗಳು ಮೇವಿಲ್ಲದೆ ಸತ್ತವು. ಉಳಲು ಕುದುರೆ ಇಲ್ಲ, ಟ್ರ್ಯಾಕ್ಟರ್ ಇನ್ನೂ ಸಾಕಷ್ಟು ಬಂದಿಲ್ಲ. 1932-33ರ ಬರಗಾಲಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಲ್ಲಾದರೂ ಹೆಚ್ಚಾಗುತ್ತಿವೆಯಾ?

ಆಗುತ್ತಿವೆ, ಅದೂ ಕುದುರೆಯನ್ನು ಮೊದಲು ಪಳಗಿಸಿದ ಹುಲ್ಲುಗಾವಲಿನ ಸೀಮೆಯಲ್ಲೇ. ಇವತ್ತಿನ ಸಾಕುಕುದುರೆಗಳ ಮೂಲ ಸುಮಾರು 4,200 ವರ್ಷಗಳ ಹಿಂದೆ ವೋಲ್ಗಾ, ಡಾನ್ ನದಿಗಳ ಕೆಳಗಿನ ಬಯಲು ಎಂದು 2021ರಲ್ಲಿ ಬಂದ ಡಿಎನ್ಎ ಅಧ್ಯಯನ ಹೇಳಿತು. ಅದೇ ಹುಲ್ಲಿನ ಪಟ್ಟಿ ಪೂರ್ವಕ್ಕೆ ಚಾಚಿದರೆ ಕಜಕಸ್ತಾನ, ಮಂಗೋಲಿಯಾ.

ಕಜಕಸ್ತಾನದಲ್ಲಿ ಸೋವಿಯತ್ ಒಡೆದ ಮೇಲೆ ಹಿಂಡು ಕರಗಿ 2000ದ ಹೊತ್ತಿಗೆ 10 ಲಕ್ಷದ ಆಸುಪಾಸಿಗೆ ಬಂದಿತ್ತು. ಈಗ 35 ಲಕ್ಷ ದಾಟಿದೆ. ಅಲ್ಲಿ ಕುದುರೆ ಮಾಂಸ ಹಬ್ಬದ ಊಟ, ಹುಳಿ ಬರಿಸಿದ ಕುದುರೆ ಹಾಲು ಕುಮಿಸ್ ದಿನದ ಪಾನೀಯ. ನಮಗೆ ಕೇಳಿದರೆ ಒಂಥರಾ ಅನ್ನಿಸಬಹುದು. ಆದರೆ ಕುದುರೆ ಉಳಿದದ್ದೇ ಅದರಿಂದ. ನಮ್ಮಲ್ಲಿ ಹಾಲಿಗಾಗಿ ಎಮ್ಮೆ ಉಳಿದ ಹಾಗೆ.

ಮಂಗೋಲಿಯಾದಲ್ಲಿ ಜನಕ್ಕಿಂತ ಕುದುರೆಗಳು ಜಾಸ್ತಿ. ಜನ ಸುಮಾರು 35 ಲಕ್ಷ. ಕುದುರೆ 1990ರಲ್ಲಿ 22 ಲಕ್ಷ ಇದ್ದದ್ದು 2023ರ ಕೊನೆಗೆ 48 ಲಕ್ಷ ಮೀರಿತ್ತು. ಆದರೆ ಗೆರೆ ನೇರವಾಗಿ ಏರಿಲ್ಲ. ಕೈ ನಡುಗುವವರು ಬರೆದ ಗೆರೆಯಂತಿದೆ. ಕಾರಣ 'ಜೂಡ್' ಎನ್ನುವ ಚಳಿಗಾಲದ ಪಿಡುಗು. ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹುಲ್ಲು ಬೆಳೆಯುವುದಿಲ್ಲ, ಆಮೇಲೆ ಹಿಮ ಬಿದ್ದು ಇದ್ದ ಹುಲ್ಲೂ ಮಂಜುಗಡ್ಡೆಯ ಕೆಳಗೆ ಸೇರುತ್ತದೆ. ಜಾನುವಾರು ನಿಂತಲ್ಲೇ ಸಾಯುತ್ತವೆ. 2009-10ರ ಚಳಿಗಾಲದಲ್ಲಿ ದೇಶದ ಜಾನುವಾರುಗಳಲ್ಲಿ ಐದರಲ್ಲಿ ಒಂದು ಹೋಯಿತು. ಆ ವರ್ಷ ಕುದುರೆ 19 ಲಕ್ಷ ಚಿಲ್ಲರೆಗೆ ಇಳಿದಿತ್ತು. ಹದಿಮೂರು ವರ್ಷದಲ್ಲಿ ಎರಡೂವರೆ ಪಟ್ಟಾಯಿತು. 2023-24ರ ಚಳಿಗಾಲ ಮತ್ತೆ ಹೊಡೆಯಿತು.

ಚೀನಾ?

ಇಳಿತ. 1970ರ ದಶಕದ ಕೊನೆಗೆ 1.1 ಕೋಟಿ, ಈಗ 40 ಲಕ್ಷದೊಳಗೆ. ಕಾರಣ ಅದೇ ಟ್ರ್ಯಾಕ್ಟರು, ರಸ್ತೆ.

ಆಫ್ರಿಕಾದಲ್ಲಿ ಕುದುರೆ ಅಂದ್ರೆ ಕೇಳಿಯೇ ಇಲ್ಲವಲ್ಲ?

ನಡುವಿನ ಆಫ್ರಿಕಾದಲ್ಲಿ ತ್ಸೆತ್ಸೆ ನೊಣ ಇದೆ. ಅದು ಕಚ್ಚಿ ಹರಡುವ ರೋಗಕ್ಕೆ ಕುದುರೆ ತಡೆಯುವುದಿಲ್ಲ. ಹಾಗಾಗಿ ಕಾಡಿನ ಸೀಮೆಯಲ್ಲಿ ಕುದುರೆ ಇಲ್ಲ. ನೊಣವಿಲ್ಲದ ಒಣ ಬಯಲು, ಎತ್ತರದ ನಾಡುಗಳಲ್ಲಿ ಇವೆ. ಇಥಿಯೋಪಿಯಾದಲ್ಲಿ ಸುಮಾರು 20 ಲಕ್ಷ, ಚಾಡ್, ಸೆನೆಗಲ್‌ಗಳಲ್ಲಿ ಲಕ್ಷಗಟ್ಟಲೆ. ಅಲ್ಲಿ ಸಂಖ್ಯೆ ಏರುತ್ತಿದೆ. ಡೀಸೆಲ್ ದುಬಾರಿ, ರಸ್ತೆ ಕೆಟ್ಟದ್ದು, ಸಂತೆಗೆ ಸಾಮಾನು ಹೋಗಲೇಬೇಕು. ಹೀಗಾಗಿ ಗಾಡಿ ಎಳೆಯುವ ಕೆಲಸಕ್ಕೆ ಹೊಸದಾಗಿ ಕುದುರೆ ಸೇರುತ್ತಿರುವ ಸೀಮೆ ಅದು.

ಭಾರತದಲ್ಲಿ ಎಷ್ಟಿವೆ?

2019ರ ಜಾನುವಾರು ಗಣತಿಯಲ್ಲಿ ಕುದುರೆ, ತಟ್ಟು ಸೇರಿ 3.4 ಲಕ್ಷ. 2012ರಲ್ಲಿ 6.2 ಲಕ್ಷ ಇದ್ದವು. ಏಳು ವರ್ಷದಲ್ಲಿ ನೂರಕ್ಕೆ 45ರಷ್ಟು ಹೋದವು. 1951ರ ಗಣತಿಯಲ್ಲಿ 15 ಲಕ್ಷ ಇದ್ದವು ಅಂದರೆ ನಂಬಲು ಕಷ್ಟ. ಕತ್ತೆಗಳ ಪಾಡು ಇನ್ನೂ ಕೆಟ್ಟದ್ದು. 2012ರಿಂದ 2019ಕ್ಕೆ ನೂರಕ್ಕೆ 61ರಷ್ಟು ಕುಸಿದು 1.2 ಲಕ್ಷಕ್ಕೆ ಬಂದಿವೆ.

ಟಾಂಗಾ, ಜಟಕಾ ಹೋಗಿ ಆಟೋ ಬಂತು. ಇಟ್ಟಿಗೆ ಗೂಡಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಬಂತು. ಉಳಿದದ್ದು ಗುಡ್ಡದ ಮೇಲಿನ ಯಾತ್ರೆ. ಉತ್ತರ ಪ್ರದೇಶ ಬಿಟ್ಟರೆ ಹೆಚ್ಚು ಕುದುರೆಗಳಿರುವುದು ಜಮ್ಮು ಕಾಶ್ಮೀರದಲ್ಲಿ. ವೈಷ್ಣೋದೇವಿ, ಅಮರನಾಥಕ್ಕೆ ಹೋಗಿ ಬಂದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆ ಕಾಳು ಅಂತಲೇ ಹೆಸರು. ಹುರುಳಿ ಬೆಳೆಯುವ ನಮ್ಮ ನಾಡಿನಲ್ಲಿ ಒಳ್ಳೆ ಕುದುರೆ ಯಾಕೆ ಹುಟ್ಟಲಿಲ್ಲ?

ನನಗೆ ತುಂಬಾ ಇಷ್ಟದ ಪ್ರಶ್ನೆ. ಸೆಕೆ, ತೇವ, ಮಳೆಗಾಲದ ರೋಗಗಳು, ಕುದುರೆಗೆ ಬೇಕಾದ ಅಗಲವಾದ ಹುಲ್ಲುಗಾವಲು ಇಲ್ಲದಿರುವುದು, ಎಲ್ಲ ಸೇರಿ ದಕ್ಷಿಣದಲ್ಲಿ ದೊಡ್ಡ ಕುದುರೆಯ ತಳಿ ನಿಲ್ಲಲಿಲ್ಲ. ಇಲ್ಲಿ ಒಳ್ಳೆಯ ಗಂಡು, ಒಳ್ಳೆಯ ಹೆಣ್ಣು ಸೇರಿದರೂ ಸೊಟ್ಟ ಕಾಲಿನ ಮರಿ ಹುಟ್ಟುತ್ತದೆ ಅಂತ ಮಾರ್ಕೊ ಪೋಲೊ ಬರೆದಿದ್ದಾನೆ. ಇಲ್ಲಿಯವರು ಕುದುರೆಗೆ ಅನ್ನ, ಬೇಯಿಸಿದ ಮಾಂಸ ಹಾಕುತ್ತಾರೆ ಅಂತಲೂ ಹೇಳಿದ್ದಾನೆ. ಸಾಯದೆ ಏನು ಮಾಡಾವು?

ಹಾಗಾಗಿ ನಮ್ಮ ಅರಸರು ಕುದುರೆಯನ್ನು ಬೆಳೆಸಲಿಲ್ಲ, ಕೊಂಡರು. ವಿಜಯನಗರಕ್ಕೆ ಹೋರ್ಮುಜ್‌ನಿಂದ, ಅರಬ್ ತೀರದಿಂದ ಭಟ್ಕಳ, ಹೊನ್ನಾವರಗಳ ಮೂಲಕ ಕುದುರೆ ಬರುತ್ತಿತ್ತು. ರಾಜ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನ ಬಗ್ಗೆ ಅವನು ಹೇಳುವುದು ಇನ್ನೂ ಚೆನ್ನಾಗಿದೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕಂತೆ, ಬದುಕಿದ್ದಕ್ಕೆ ಕೊಟ್ಟಷ್ಟೇ ದುಡ್ಡು! ವ್ಯಾಪಾರಿಗೆ ನಷ್ಟದ ಭಯ ಹೋದರೆ ಮುಂದಿನ ಹಡಗು ಖಂಡಿತ ಬರುತ್ತದೆ. ಎಂಥ ಲೆಕ್ಕಾಚಾರ ನೋಡಿ.

ಗೋವಾ ಮೊದಲಿಂದಲೂ ಕುದುರೆ ಇಳಿಯುವ ಬಂದರು, 1510ರಲ್ಲಿ ಅದು ಪೋರ್ಚುಗೀಸರ ಕೈಗೆ ಹೋಯಿತು. ಅವರ ದಂಡನಾಯಕ ಅಲ್ಬುಕರ್ಕ್ ಗೋವಾ ಗೆದ್ದ ಮೇಲೆ ಕುದುರೆಯ ಹಡಗುಗಳೆಲ್ಲ ಅಲ್ಲಿಗೇ ಬಂದು ಸುಂಕ ಕಟ್ಟಬೇಕೆಂದು ಹಿಡಿದ. ಅದು ಬರೀ ಸುಂಕದ ಮಾತಲ್ಲ. ವಿಜಯನಗರಕ್ಕೂ ಬಿಜಾಪುರಕ್ಕೂ ಜಗಳ, ಇಬ್ಬರಿಗೂ ಕುದುರೆ ಬೇಕು. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಅನ್ನೋದು ಪೋರ್ಚುಗೀಸರ ಕೈಗೆ ಬಂತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ಹಿಡಿದು ನಿಂತ ಪರದೇಶಿಗಳನ್ನು ನೋಡಿದ್ದೀರಲ್ಲ, ಅವರು ಬರುತ್ತಿದ್ದ ದಾರಿಯ ಬಾಗಿಲು ಇದು. ಮುಂದೆ ಬ್ರಿಟಿಷರ ಕಾಲದಲ್ಲೂ ಅದೇ ಪಾಡು. ಸೈನ್ಯಕ್ಕೆ ಆಸ್ಟ್ರೇಲಿಯಾದಿಂದ 'ವೇಲರ್' ಕುದುರೆಗಳನ್ನು ಹಡಗಿನಲ್ಲಿ ತರಿಸುತ್ತಿದ್ದರು.

ಆಸ್ಟ್ರೇಲಿಯಾಕ್ಕೆ ಕುದುರೆ ಎಲ್ಲಿಂದ ಬಂತು?

1788ರಲ್ಲಿ ಮೊದಲ ಬ್ರಿಟಿಷ್ ಹಡಗುಗಳ ಜೊತೆ, ಬೆರಳೆಣಿಕೆಯಷ್ಟು. 1918ರ ಹೊತ್ತಿಗೆ 25 ಲಕ್ಷ ಆಗಿದ್ದವು. ಮೋಟಾರು ಬಂದ ಮೇಲೆ ಬೇಡವಾದವನ್ನು ಕಾಡಿಗೆ ಬಿಟ್ಟರು. ಅಲ್ಲಿ ಅವು ಬ್ರಂಬಿ ಅನ್ನುವ ಕಾಡುಕುದುರೆಗಳಾದವು. ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಅವನ್ನು 3,000ಕ್ಕೆ ಇಳಿಸಬೇಕೆಂದು ಸರ್ಕಾರ ಗುರಿ ಇಟ್ಟಿತು, 2023ರಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹೊಡೆಯಲೂ ಒಪ್ಪಿಗೆ ಕೊಟ್ಟಿತು. ಜನ ಎರಡು ಪಾಳೆಯವಾಗಿದ್ದಾರೆ.

ಪುಣೆಯ ಕಡೆ ಸ್ವಂತ ತಳಿ ಇದೆ ಅಂತಾರಲ್ಲ?

ಭೀಮಥಡಿ. ಭೀಮಾ ನದಿಯ ದಡದ ತಟ್ಟು. ಮರಾಠರ ದಂಡಿನಲ್ಲಿ ಓಡಿದ್ದು ಇದೇ. ಎತ್ತರ ಕಡಿಮೆ, ಗಟ್ಟಿ ಗೊರಸು, ಕಲ್ಲುಗುಡ್ಡ ಹತ್ತುವ ತಾಕತ್ತು. ಈಚೆಗೆ ಕೆಲವೇ ವರ್ಷದ ಹಿಂದೆ ಇದಕ್ಕೆ ಪ್ರತ್ಯೇಕ ತಳಿ ಎಂಬ ಸರ್ಕಾರಿ ಮಾನ್ಯತೆ ಸಿಕ್ಕಿತು. ಉಳಿದಿರುವುದು ಕೆಲವು ಸಾವಿರ. ಉಳಿಸಿದವರು ಯಾರು ಗೊತ್ತಾ? ಅರಮನೆಯವರಲ್ಲ, ಸೈನ್ಯದವರೂ ಅಲ್ಲ. ಕುರಿ ಕಾಯುವ ಧನಗರರು, ನಮ್ಮ ಕುರುಬರ ಹಾಗೆ. ಕುರಿ ಹಿಂಡು ಊರೂರು ಸುತ್ತುವಾಗ ಪಾತ್ರೆ, ಹಾಸಿಗೆ, ಕೋಳಿ, ಎಳೆ ಮರಿ, ಒಮ್ಮೊಮ್ಮೆ ಕೂಸನ್ನೂ ಹೊರುವುದು ಈ ತಟ್ಟು. ಬಾರಾಮತಿ ಕಡೆಯ ರಸ್ತೆಯಲ್ಲಿ ದಸರಾ ಕಳೆದ ಮೇಲೆ ಓಡಾಡಿದರೆ ಕಾಣುತ್ತವೆ. ಅದೇ ಭೀಮೆ ಮುಂದೆ ಕಲಬುರಗಿ ಕಡೆ ಹರಿಯುತ್ತಾಳೆ.

ಒಂದೊಂದು ಕಡೆ ಒಂದೊಂದು ಸಂಖ್ಯೆ ಸಿಗುತ್ತದೆ. ಯಾವುದನ್ನು ನಂಬೋದು?

ಎಣಿಸಿದವರು ಯಾರು, ಏನನ್ನು ಎಣಿಸಿದರು ಅಂತ ಮೊದಲು ನೋಡಿ. ಅಮೆರಿಕಕ್ಕೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಸುಮಾರು 1 ಕೋಟಿ ಇದೆ, ಅಲ್ಲಿನ ಹಾರ್ಸ್ ಕೌನ್ಸಿಲ್ ಪ್ರಕಾರ 66.5 ಲಕ್ಷ. ಮಂಗೋಲಿಯಾ ಪ್ರತಿ ಡಿಸೆಂಬರಿನಲ್ಲಿ ಮಂದೆ ಮಂದೆಯನ್ನೂ ಎಣಿಸುತ್ತದೆ, ಆ ಸಂಖ್ಯೆಗೆ ತೂಕ ಜಾಸ್ತಿ. ಭಾರತದಲ್ಲಿ ಮನೆಮನೆಗೆ ಬರುತ್ತಾರೆ, ಆದರೆ ಸುಮಾರು ಐದು ವರ್ಷಕ್ಕೊಮ್ಮೆ. ಒಂದೇ ವರ್ಷದ ಎರಡು ದೇಶ ಹೋಲಿಸುವುದಕ್ಕಿಂತ ಒಂದೇ ದೇಶದ ಹತ್ತಾರು ವರ್ಷ ಹೋಲಿಸುವುದು ವಾಸಿ. ಎಣಿಸುವ ಕ್ರಮ ಅದೇ ಇದ್ದರೆ ತಪ್ಪೂ ಅದೇ ಇರುತ್ತದೆ, ಏರಿಳಿತವಾದರೂ ಸರಿಯಾಗಿ ಕಾಣುತ್ತದೆ.

ಮದುವೆ ಕುದುರೆಗಳು ಈ ಲೆಕ್ಕದಲ್ಲಿ ಸೇರುತ್ತವಾ?

ಸೇರಬೇಕು. ಭಾರತದ 21ನೇ ಜಾನುವಾರು ಗಣತಿ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಅದೇ ಚಳಿಗಾಲ ನಮ್ಮ ಅಕ್ಕನ ಮಗನ ಮದುವೆ. ಹುಡುಗಿ ಮರಾಠಿಯವಳು, ವರ ಕುದುರೆ ಏರಲೇಬೇಕು ಅಂತ ಅವರ ಹಟ. ಇವನು ಹೆದರಿ ಜೀನು ಬಿಗಿಯಾಗಿ ಹಿಡಿದು ಕೂತಿದ್ದ. ನಾನು ಕುದುರೆಯವನ ಜೊತೆ ಹೆಜ್ಜೆ ಹಾಕುತ್ತಾ, ಎಣಿಸೋರು ನಿಮ್ಮ ಹತ್ತಿರ ಬಂದಿದ್ದರಾ ಅಂತ ಕೇಳಿದೆ. ಅವನು ನಕ್ಕ. ಮದುವೆ ಹಂಗಾಮಿನಲ್ಲಿ ಕಲ್ಯಾಣದ ತಬೇಲಾದಲ್ಲಿ ಇರುತ್ತಾನಂತೆ. ಮಳೆಗಾಲಕ್ಕೆ ಸೋಲಾಪುರದ ಹತ್ತಿರದ ಹಳ್ಳಿಗೆ. ಹಳ್ಳಿಗೆ ಬಂದಾಗ ಕುದುರೆ ಕಲ್ಯಾಣದಲ್ಲಿತ್ತು, ಕಲ್ಯಾಣದಲ್ಲಿ ಬಂದಾಗ ಅವನು ಮೆರವಣಿಗೆಯಲ್ಲಿದ್ದ. "ಎರಡು ಕಡೆಯೂ ಬರೆದುಕೊಂಡಿರಬಹುದು ಸಾಹೇಬ್, ಎಲ್ಲೂ ಬರೆದಿಲ್ಲದಿರಬಹುದು" ಅಂದ. ಅಷ್ಟರಲ್ಲಿ ಬ್ಯಾಂಡ್ ಜೋರಾಯಿತು, ಕುದುರೆ ಒಂದು ಹೆಜ್ಜೆ ಹಿಂದೆ ಸರಿಯಿತು. ನಮ್ಮ ಹುಡುಗ ಅಮ್ಮಾ ಅಂತ ಕೂಗಿದ.